ಕಾಲುವೆ ಮತ್ತು ಕಟ್ಟೆ

ಪುರ್ತಗೇರಿ ಎಂಬ ಊರಿನ ಹೆಸರನ್ನು ಓದುಗರಲ್ಲಿ ಬಹಳ ಮಂದಿ ಕೇಳಿರಲಿಕ್ಕಿಲ್ಲ. ಗಜೇಂದ್ರಗಡದ ಹೆಸರನ್ನಾದರೂ ಇತಿಹಾಸದ ಪುಸ್ತಕದಲ್ಲಿ ಓದಿರುತ್ತೀರಿ. ಟೀಪೂ ಸುಲ್ತಾನನಿಗೂ ಮರಾಠರಿಗೂ 1787ರಲ್ಲಿ ಆದ ಒಪ್ಪಂದ ಆ ಊರಿನ ಹೆಸರಿನಲ್ಲೇ ಇದೆ. ನಮ್ಮದು ಆ ಗಡದ ಸೀಮೆಯ ಒಂದು ಸಣ್ಣ ಹಳ್ಳಿ. ಮಳೆಯನ್ನು ನಂಬಿದ ಹೊಲಗಳು. ಜೋಳ, ಕಡಲೆ, ಹೆಸರು, ಉಳ್ಳಾಗಡ್ಡಿ. ಮಳೆ ಆದರೆ ದೇವರು ದೊಡ್ಡವನು, ಆಗದಿದ್ದರೆ ಸರಕಾರ ಕೆಟ್ಟದ್ದು. ಇದು ನಮ್ಮವರ ಸರಳವಾದ ರಾಜ್ಯಶಾಸ್ತ್ರ.

ಇಂಥ ಊರಿನ ಕಟ್ಟೆಯ ಮೇಲೆ ಚೀನಾ ದೇಶದ ಮಾತು ಬರುತ್ತದೆಂದರೆ ನೀವು ನಗಬಹುದು. ಆದರೆ ಬರುತ್ತದೆ, ಅದೂ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ರಸ್ತೆಯಲ್ಲಿ ತಗ್ಗು ಬಿದ್ದರೆ, ಬಸ್ಸು ಬಾರದಿದ್ದರೆ, ನಳಕ್ಕೆ ನೀರು ಬಿಡದಿದ್ದರೆ ಯಾರಾದರೂ ಒಬ್ಬರು "ಇದ ಚೀನಾದಾಗಾಗಿದ್ರ ಒಂದ ವಾರದಾಗ ಮಾಡಿ ಒಗೀತಿದ್ರು" ಎನ್ನುತ್ತಾರೆ. ಹೀಗೆ ಅನ್ನುವವರು ಯಾರೂ ಚೀನಾ ನೋಡಿದವರಲ್ಲ. ಕೈಯಲ್ಲಿರುವ ಮೊಬೈಲನ್ನು ನೋಡಿದವರು, ಆ ಮೊಬೈಲಿನೊಳಗೆ ಹತ್ತು ದಿನದಲ್ಲಿ ಎದ್ದು ನಿಂತ ಆಸ್ಪತ್ರೆಯ ಚಿತ್ರ ನೋಡಿದವರು. ಮೂವತ್ತೈದು ವರ್ಷ ಸಾಲಿಯಲ್ಲಿ ಭೂಗೋಲ ಕಲಿಸಿದ ನನಗೆ ಈ ಮಾತು ಕೇಳಿದಾಗಲೆಲ್ಲ ಒಳಗೊಳಗೇ ಒಂದು ತಕರಾರು ಏಳುತ್ತದೆ. ಆದರೆ ಮಾತು ಪೂರಾ ಸುಳ್ಳೆಂದು ಹೇಳಲಿಕ್ಕೂ ಬಾಯಿ ಬರುವುದಿಲ್ಲ. ಆ ತಕರಾರನ್ನು ಸಾವಕಾಶವಾಗಿ ಬಿಡಿಸಿ ನೋಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾವು ಸ್ವತಂತ್ರರಾದದ್ದು 1947ರಲ್ಲಿ, ಅವರ ಹೊಸ ರಾಜ್ಯ ಹುಟ್ಟಿದ್ದು 1949ರಲ್ಲಿ. ಹೆಚ್ಚು ಕಡಿಮೆ ಓರಗೆಯವರು. ಇಬ್ಬರೂ ಬಡವರು, ಇಬ್ಬರ ಮನೆಯಲ್ಲೂ ಮಂದಿ ಬಹಳ. 1980ರ ಸುಮಾರಿಗೆ ಕೂಡ ತಲಾ ಆದಾಯದಲ್ಲಿ ಎರಡೂ ದೇಶಗಳು ಹೆಗಲಿಗೆ ಹೆಗಲು ಕೊಟ್ಟೇ ನಿಂತಿದ್ದವು. ಇವತ್ತು ಅವರ ಒಟ್ಟು ಉತ್ಪನ್ನ ನಮ್ಮದರ ನಾಲ್ಕು ಪಟ್ಟಿಗಿಂತ ಹೆಚ್ಚು. ರೈಲನ್ನೇ ನೋಡಿರಿ. ಬೀಜಿಂಗಿನಿಂದ ಶಾಂಘೈಗೆ 1,318 ಕಿಲೋಮೀಟರಿನ ವೇಗದ ಮಾರ್ಗದ ಕೆಲಸ 2008ರಲ್ಲಿ ಶುರುವಾಗಿ 2011ರ ಜೂನಿನಲ್ಲಿ ಗಾಡಿ ಓಡಿತು. 2024 ಮುಗಿಯುವ ಹೊತ್ತಿಗೆ ಅಂಥ ಮಾರ್ಗ ಅವರಲ್ಲಿ 48,000 ಕಿಲೋಮೀಟರು ಆಗಿತ್ತು. ನಮ್ಮ ಮುಂಬಯಿ-ಅಹಮದಾಬಾದ ಮಾರ್ಗ 508 ಕಿಲೋಮೀಟರು. ಅಡಿಗಲ್ಲು ಬಿದ್ದದ್ದು 2017ರಲ್ಲಿ. 2025 ಮುಗಿದರೂ ಅದರ ಮೇಲೆ ಗಾಡಿ ಓಡಿರಲಿಲ್ಲ.

ದೂರದ ಮಾತು ಬಿಡಿ. ಗದಗದಿಂದ ವಾಡಿಗೆ 257 ಕಿಲೋಮೀಟರಿನ ಮಾರ್ಗಕ್ಕೆ 2013ರ ಹೊತ್ತಿಗೆ ಮಂಜೂರಿ ಸಿಕ್ಕಿತು. ತಳಕಲ್ಲಿನಿಂದ ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ. ಅವತ್ತು ಕುಷ್ಟಗಿಯ ಮಂದಿ ಮೊದಲ ಗಾಡಿ ನೋಡಲು ಜಾತ್ರೆಗೆ ಹೋದಂತೆ ಹೋದರು. ಗಜೇಂದ್ರಗಡಕ್ಕೆ ರೈಲು ಇನ್ನೂ ಬಂದಿಲ್ಲ. ನಮ್ಮವರು ಮನವಿ ಕೊಡುತ್ತಲೇ ಇದ್ದಾರೆ.

ನನ್ನ ತಮ್ಮನ ಮಗ ಚೀನಾದಲ್ಲಿ ವೈದ್ಯಕೀಯ ಓದಿದ. ಇಲ್ಲಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಫೀ ಕೊಡಲಾಗದೆ ಹೋದ ನಮ್ಮ ಕಡೆಯ ಅನೇಕ ಹುಡುಗರಲ್ಲಿ ಅವನೂ ಒಬ್ಬ. ರಜೆಗೆ ಬಂದಾಗಲೆಲ್ಲ ಅಲ್ಲಿಯ ರೈಲಿನ ವರ್ಣನೆ. "ದೊಡ್ಡಪ್ಪಾ, ನೀರಿನ ಗ್ಲಾಸ ತುಂಬಿಸಿ ಕಿಟಕಿ ಮ್ಯಾಲೆ ಇಟ್ರೂ ಒಂದ ಹನಿ ಚೆಲ್ಲೂದಿಲ್ರಿ. ಬೀಜಿಂಗ ಬಿಟ್ರ ಐದ ತಾಸಿನೊಳಗ ಶಾಂಘೈ!" ಎನ್ನುತ್ತಿದ್ದ. ಅದೇ ಹುಡುಗ ಗಜೇಂದ್ರಗಡದಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ ಮೈಕೈ ನೋಯಿಸಿಕೊಂಡು ಇಳಿಯುವವನು. ಅವನು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದ. ಅವನ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಒಂದು ನಾಚಿಕೆ ಇತ್ತು. ನನಗೆ ಅದು ಹೆಚ್ಚು ತಟ್ಟುತ್ತಿತ್ತು.

ರೈಲು ಒಂದು ಲೆಕ್ಕದಲ್ಲಿ ಇದ್ದವರ ಅನುಕೂಲ. ನಮ್ಮ ಸೀಮೆಯ ನಿಜವಾದ ಪರೀಕ್ಷೆ ನೀರಿನದು. ಆದ್ದರಿಂದ ಎರಡು ಕಾಲುವೆಗಳ ಕಥೆಯನ್ನು ಇಲ್ಲಿ ಅಕ್ಕಪಕ್ಕ ಇಡುತ್ತೇನೆ.

ಚೀನಾದ ದಕ್ಷಿಣದಲ್ಲಿ ನೀರು ಬಹಳ, ಉತ್ತರದಲ್ಲಿ ಕಡಿಮೆ. ದಕ್ಷಿಣದ ನೀರನ್ನು ಉತ್ತರಕ್ಕೆ ಸ್ವಲ್ಪ ಸಾಲವಾಗಿ ತರಬಹುದಲ್ಲ ಎಂಬ ವಿಚಾರವನ್ನು ಮಾವೋ 1952ರಲ್ಲೇ ಹೇಳಿದ್ದ. ಕೆಲಸ ಶುರುವಾದದ್ದು ಮಾತ್ರ 2002ರ ಕೊನೆಗೆ. ನಡುವಿನ ಮಾರ್ಗದ ನೀರು ಬೀಜಿಂಗ ಕಡೆಗೆ ಹರಿಯತೊಡಗಿದ್ದು 2014ರ ಡಿಸೆಂಬರಿನಲ್ಲಿ. ಆ ಮಾರ್ಗದ ಉದ್ದ 1,400 ಕಿಲೋಮೀಟರಿಗೂ ಹೆಚ್ಚು. ವರ್ಷಕ್ಕೆ ಒಯ್ಯಬೇಕೆಂದು ಯೋಜಿಸಿದ ನೀರು 950 ಕೋಟಿ ಘನ ಮೀಟರು. ನಮ್ಮ ಲೆಕ್ಕದಲ್ಲಿ ಸುಮಾರು 335 ಟಿ.ಎಂ.ಸಿ.

ಇನ್ನು ನಮ್ಮದು. ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಯ ಕಡೆ ಇಳಿಯುವ ಮಹಾದಾಯಿಯ ಎರಡು ಹಳ್ಳಗಳು, ಕಳಸಾ ಮತ್ತು ಬಂಡೂರಿ. ಅವುಗಳ ನೀರಿನಲ್ಲಿ ಒಂದಿಷ್ಟನ್ನು ಮಲಪ್ರಭೆಗೆ ತಿರುಗಿಸಿದರೆ ನರಗುಂದ, ರೋಣ, ನವಲಗುಂದದ ಊರುಗಳಿಗೆ ಕುಡಿಯುವ ನೀರಾಗುತ್ತದೆ. ಕಳಸಾದಿಂದ ಮಲಪ್ರಭೆಗೆ ಬೇಕಾದ ಕಾಲುವೆ ಸುಮಾರು ಐದು ಕಿಲೋಮೀಟರು. ಪುರ್ತಗೇರಿಯ ಎತ್ತಿನ ಗಾಡಿ ಒಂದು ಮುಂಜಾನೆಯಲ್ಲಿ ಹೋಗಿ ಬರುವಷ್ಟು ದೂರ. 2002ರ ಏಪ್ರಿಲಿನಲ್ಲಿ ಕೇಂದ್ರ ತತ್ವತಃ ಒಪ್ಪಿಗೆ ಕೊಟ್ಟಿತು, ಅದೇ ವರ್ಷ ಸಪ್ಟಂಬರಿನಲ್ಲಿ ತಡೆಹಿಡಿಯಿತು. 2006ರಲ್ಲಿ ಕಣಕುಂಬಿಯಲ್ಲಿ ಅಡಿಗಲ್ಲು. ಗೋವೆಯ ತಕರಾರು. 2010ರಲ್ಲಿ ನ್ಯಾಯಾಧಿಕರಣ. 2015ರ ಜುಲೈಯಿಂದ ನರಗುಂದದಲ್ಲಿ ರೈತರು ಧರಣಿ ಕುಳಿತರು. 2016ರಲ್ಲಿ ಮಧ್ಯಂತರ ಅರ್ಜಿ ತಿರಸ್ಕಾರವಾದಾಗ ಯಮನೂರಿನಲ್ಲಿ ಮನೆಮನೆಗೆ ಲಾಠಿ ಬಂತು. 2018ರ ಆಗಸ್ಟ 14ಕ್ಕೆ ತೀರ್ಪು: ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ., ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18. 2020ರಲ್ಲಿ ಅಧಿಸೂಚನೆ. 2022ರ ಡಿಸೆಂಬರಿನಲ್ಲಿ ವಿವರವಾದ ಯೋಜನೆಗೆ ಕೇಂದ್ರದ ಒಪ್ಪಿಗೆ. ಆಮೇಲೆ ಕಡತ ಅರಣ್ಯ ಮತ್ತು ವನ್ಯಜೀವಿಗಳ ಅನುಮತಿಯ ಬಾಗಿಲಲ್ಲಿ ನಿಂತಿತು.

ಎರಡೂ ಒಂದೇ ವರ್ಷದಲ್ಲಿ ಹೊರಟದ್ದನ್ನು ಗಮನಿಸಿರಿ. 2002ರಲ್ಲಿ ಹೊರಟ ಅವರ 335 ಟಿ.ಎಂ.ಸಿ. ಮಾರ್ಗ ಹನ್ನೆರಡು ವರ್ಷದಲ್ಲಿ ಊರು ಮುಟ್ಟಿತು. ನಮ್ಮ 3.9 ಟಿ.ಎಂ.ಸಿ. ಕಾಗದದ ಮೇಲೇ ಹರಿಯುತ್ತಿದೆ. ಈ ಲೆಕ್ಕವನ್ನು ಒಬ್ಬ ರೈತನಿಗೆ ಹೇಳಿದೆ. ನರಗುಂದದ ಧರಣಿಯಲ್ಲಿ ತಿಂಗಳುಗಟ್ಟಲೆ ಕುಳಿತು ಬಂದವನು ಆತ. ಸುಮ್ಮನೆ ಕೇಳಿ, "ಮಾಸ್ತರ, ಹಂಗಾರ ಅಲ್ಲಿ ಧರಣಿ ಕೂಡಾಕ ಬಿಡತಾರೇನ್ರಿ?" ಎಂದ. ಇಡೀ ವಿಚಾರದ ಗಂಟು ಅವನ ಪ್ರಶ್ನೆಯಲ್ಲಿತ್ತು.

ಬಿಡುವುದಿಲ್ಲ. ಅಥವಾ ಬಿಟ್ಟರೂ ಬಹಳ ದಿನ ಬಿಡುವುದಿಲ್ಲ. ಅಲ್ಲಿಯ ಗುವಾಂಗ್‌ಡಾಂಗ್ ಪ್ರಾಂತದ ವುಕಾನ್ ಎಂಬ ಹಳ್ಳಿಯವರು 2011ರಲ್ಲಿ ತಮ್ಮ ಹೊಲಗಳನ್ನು ಮಾರಿಕೊಂಡ ಅಧಿಕಾರಿಗಳ ವಿರುದ್ಧ ಎದ್ದರು. ಲೋಕವೆಲ್ಲ ನೋಡುತ್ತಿದ್ದುದರಿಂದ 2012ರಲ್ಲಿ ತಮ್ಮ ಮುಖಂಡನನ್ನು ತಾವೇ ಆರಿಸಿಕೊಳ್ಳಲು ಅವರಿಗೆ ಅವಕಾಶವಾಯಿತು. 2016ರಲ್ಲಿ ಅದೇ ಮುಖಂಡ ಲಂಚದ ಆರೋಪದ ಮೇಲೆ ಸೆರೆಮನೆಗೆ ಹೋದ. ಕಾಲುವೆಗಾಗಿ ದಾನ್‌ಜಿಯಾಂಗ್‌ಕೋ ಅಣೆಕಟ್ಟನ್ನು ಎತ್ತರಿಸಿದಾಗ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಊರು ಬಿಟ್ಟರು. ಯಾಂಗ್‌ತ್ಸೆ ನದಿಯ ಮೂರು ಕಣಿವೆಗಳ ಅಣೆಕಟ್ಟಿಗೆ ಊರು ಬಿಟ್ಟವರು ಹದಿಮೂರು ಲಕ್ಷದಷ್ಟು. ಆ ಅಣೆಕಟ್ಟಿನ ಠರಾವು 1992ರಲ್ಲಿ ಅವರ ಜನಪ್ರತಿನಿಧಿ ಸಭೆಯ ಮುಂದೆ ಬಂದಾಗ 177 ಮಂದಿ ವಿರುದ್ಧ ಮತ ಹಾಕಿದರು, 664 ಮಂದಿ ಯಾರ ಕಡೆಗೂ ಕೈ ಎತ್ತಲಿಲ್ಲ. ಎಲ್ಲದಕ್ಕೂ ಒಕ್ಕೊರಲಿನಿಂದ ಹೂಂ ಅನ್ನುವ ಆ ಸಭೆಯಲ್ಲಿ ಅಷ್ಟು ಮಂದಿ ಹಿಂಜರಿದರೆಂದರೆ ಅವರ ಮನಸ್ಸಿನಲ್ಲಿ ಎಷ್ಟು ಅಳುಕು ಇದ್ದಿರಬೇಕು! ಅಣೆಕಟ್ಟು ಮಾತ್ರ ನಿಲ್ಲಲಿಲ್ಲ.

ಆದರೆ ಇಲ್ಲಿ ನಾವು ಎದೆ ತಟ್ಟಿಕೊಳ್ಳುವ ಹಾಗಿಲ್ಲ. ನನ್ನ ಅಕ್ಕನನ್ನು ಕೊಟ್ಟದ್ದು ಕೃಷ್ಣೆಯ ಹಿನ್ನೀರಿನಲ್ಲಿ ಹೋದ ಒಂದು ಹಳ್ಳಿಗೆ. ಆಲಮಟ್ಟಿಯ ಅಡಿಗಲ್ಲನ್ನು ಲಾಲಬಹಾದ್ದೂರ ಶಾಸ್ತ್ರಿಯವರು ಇಟ್ಟದ್ದು 1964ರ ಮೇ 22ಕ್ಕೆ. ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ದೇಶಕ್ಕೆ ಅರ್ಪಿಸಿದ್ದು 2006ರ ಆಗಸ್ಟಿನಲ್ಲಿ. ನಡುವೆ ನಲವತ್ತೆರಡು ವರ್ಷ. ಅಷ್ಟೂ ವರ್ಷ ನನ್ನ ಅಕ್ಕ "ಈ ವರ್ಷ ನೀರು ಬರತೈತಿ, ಮುಂದಿನ ವರ್ಷ ಬರತೈತಿ" ಎನ್ನುತ್ತಲೇ ಇದ್ದಳು. ಮುಳುಗುವ ಮನೆಗೆ ಸುಣ್ಣ ಹಚ್ಚುವುದೋ ಬಿಡುವುದೋ? ಮುಳುಗುವ ಊರಿಗೆ ಮಗಳನ್ನು ಯಾರು ಕೊಡುತ್ತಾರೆ? ಮಗನ ಲಗ್ನಕ್ಕೆ ಐದು ವರ್ಷ ಅಲೆದಳು. ನೀರು ಕೊನೆಗೂ ಬಂತು. ಪರಿಹಾರದ ಕಾಗದ ಹಿಡಿದು ಭಾವ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿದರು, ವಕೀಲರನ್ನು ಹಿಡಿದರು, ಪರಿಹಾರ ಹೆಚ್ಚಾಗಲೆಂದು ದಾವೆ ಹಾಕಿದರು. ಹೆಚ್ಚಾಗಿ ಬಂತು, ಬರುವಷ್ಟರಲ್ಲಿ ಭಾವ ಇರಲಿಲ್ಲ. "ನಿನಗ ಮೊದಲ ಯಾರರೆ ಬಂದು ಕೇಳಿದ್ರೇನವಾ, ಮನೀ ಬಿಡತೀಯೇನಂತ?" ಎಂದು ಒಮ್ಮೆ ಕೇಳಿದೆ. "ಕೇಳೂದಂದ್ರ ಏನು ತಮ್ಮಾ, ಗ್ವಾಡಿ ಮ್ಯಾಲೆ ನಂಬರ ಬರದು ಹ್ವಾದ್ರು" ಎಂದಳು.

ಅಂದರೆ ಕೇಳದೆ ಎಬ್ಬಿಸುವ ಕಲೆ ಚೀನಾದವರಿಗೆ ಮಾತ್ರ ಬರುತ್ತದೆಂದು ತಿಳಿಯಬೇಕಾಗಿಲ್ಲ. ನಮಗೂ ಬರುತ್ತದೆ. ಅವರು ಕೇಳದೆ ಬೇಗ ಮಾಡಿದರು, ನಾವು ಕೇಳದೆ ಸಾವಕಾಶ ಮಾಡಿದೆವು. ನನ್ನ ಅಕ್ಕನಿಗೆ ಸಿಕ್ಕದ್ದು ಒಂದೇ ಒಂದು ಹೆಚ್ಚಿನ ಅನುಕೂಲ: ದಾವೆ ಹಾಕಲು ಒಂದು ಕೋರ್ಟು. ಅದು ಸಣ್ಣದಲ್ಲ. ಆದರೆ ಅದೊಂದೇ ಸಾಕೆಂದು ಅವಳ ಎದುರು ಕುಳಿತು ಹೇಳುವ ಧೈರ್ಯ ನನಗಿಲ್ಲ.

ನಮ್ಮಲ್ಲಿ ತಡವಾದದ್ದಕ್ಕೆಲ್ಲ ಪ್ರಜಾಪ್ರಭುತ್ವದ ಹೆಸರು ಹೇಳುವ ಒಂದು ರೂಢಿ ಬಿದ್ದಿದೆ. ನಾನು ಇದನ್ನು ಒಪ್ಪುವುದಿಲ್ಲ. ತಡದಲ್ಲಿ ಎರಡು ಬಗೆ. ಗೋವೆಯ ಮಂದಿ ತಮ್ಮ ನದಿ ಬತ್ತೀತೆಂದು ಅಂಜಿ ಕೋರ್ಟಿಗೆ ಹೋದರೆ ಅದು ಅವರ ಹಕ್ಕು. ನಮ್ಮ ನೀರಡಿಕೆ ಎಷ್ಟು ನಿಜವೋ ಅವರ ಅಂಜಿಕೆಯೂ ಅಷ್ಟೇ ನಿಜ. ಅದನ್ನು ಕೇಳಿ ತೀರ್ಮಾನಿಸಲು ಹಿಡಿಯುವ ಹೊತ್ತು ಕೇಳುವ ತಡ. ಚೀನಾದವರೂ ದಕ್ಷಿಣದ ನೀರಿನ ಯೋಜನೆಯನ್ನು ಐವತ್ತು ವರ್ಷ ಅಳೆದು ಸುರಿದು ಆಮೇಲೆ ಹಾರೆ ಹಿಡಿದರು. ಆದರೆ ತೀರ್ಪು ಬಂದ ಮೇಲೆ ಅಧಿಸೂಚನೆಗೆ ಒಂದೂವರೆ ವರ್ಷ, ಅದರ ಮೇಲೆ ಯೋಜನೆಯ ಒಪ್ಪಿಗೆಗೆ ಸುಮಾರು ಮೂರು ವರ್ಷ, ಚುನಾವಣೆ ಬಂದಾಗ ಕಡತ ಏಳುವುದು, ಮುಗಿದ ಮೇಲೆ ಮಲಗುವುದು, ಇದು ಮಲಗುವ ತಡ. ಇದರಲ್ಲಿ ಯಾರ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರುವುದಿಲ್ಲ. ಮೊದಲಿನದು ಪ್ರಜಾಪ್ರಭುತ್ವದ ಬೆಲೆ, ಕೊಡೋಣ. ಎರಡನೆಯದನ್ನು ಅದೇ ಲೆಕ್ಕಕ್ಕೆ ಬರೆಯುವುದು ಮೋಸ.

ಹಾಗಾದರೆ ಕೇಳುವುದರಿಂದ ಬಂದ ಲಾಭವೇನು? ಅದನ್ನೂ ಹೇಳಬೇಕು. 1975ರ ಆಗಸ್ಟಿನಲ್ಲಿ ಚೀನಾದ ಹೆನಾನ್ ಪ್ರಾಂತದಲ್ಲಿ ಬಾನ್‌ಚಿಯಾವ್ ಅಣೆಕಟ್ಟು ಒಡೆದು ಹತ್ತಾರು ಸಾವಿರ ಮಂದಿ ಕೊಚ್ಚಿಹೋದರು. ಆ ಸುದ್ದಿಯ ಪೂರ್ಣ ವಿವರ ಅವರ ದೇಶದವರಿಗೇ ಎಷ್ಟೋ ವರ್ಷ ತಿಳಿಯಲಿಲ್ಲ. ಅದಕ್ಕಿಂತ ಮೊದಲು 1959ರಿಂದ 1961ರವರೆಗಿನ ಬರದಲ್ಲಿ ಅಲ್ಲಿ ಕೋಟಿಗಟ್ಟಲೆ ಜನ ಸತ್ತರು. ಸ್ವತಂತ್ರ ಭಾರತದಲ್ಲಿ ಅಂಥ ಬರಗಾಲದ ಸಾವು ಆಗಲಿಲ್ಲ; ಪತ್ರಿಕೆಗಳೂ ವಿರೋಧ ಪಕ್ಷಗಳೂ ಇದ್ದುದೇ ಅದಕ್ಕೆ ಕಾರಣವೆಂದು ಅಮರ್ತ್ಯ ಸೇನರು ಹೇಳಿದ್ದು ಪ್ರಸಿದ್ಧವಾಗಿದೆ. 1972ರ ಬರದಲ್ಲಿ ಕಲ್ಲು ಒಡೆದು ಕೂಲಿ ತಂದ ನಮ್ಮ ಊರ ಹಿರಿಯರಿಗೆ ಸೇನರ ಹೆಸರು ಗೊತ್ತಿಲ್ಲ. ಆದರೆ ಬರ ಬಿದ್ದರೆ ಸರಕಾರ ಕೆಲಸ ತೆಗೆಯಲೇಬೇಕು, ತೆಗೆಯದಿದ್ದರೆ ಕೇಳಬಹುದು ಎಂಬುದು ಗೊತ್ತಿತ್ತು.

ನನ್ನ ತಮ್ಮನ ಮಗನೂ ಇದನ್ನು ಕಲಿತದ್ದು ತಡವಾಗಿ. 2020ರ ಜನವರಿಯ ರಜೆಗೆ ಊರಿಗೆ ಬಂದವನು ಮತ್ತೆ ಹೋಗಲಾಗಲಿಲ್ಲ. ವುಹಾನಿನ ಕಣ್ಣಿನ ಡಾಕ್ಟರು ಲಿ ವೆನ್‌ಲಿಯಾಂಗ್ ಹೊಸ ರೋಗದ ಬಗ್ಗೆ ತನ್ನ ಸಹಪಾಠಿಗಳಿಗೆ ಎಚ್ಚರಿಕೆ ಬರೆದದ್ದಕ್ಕೆ ಪೋಲೀಸರು ಕರೆದು ತಪ್ಪೊಪ್ಪಿಗೆಗೆ ಸಹಿ ಹಾಕಿಸಿಕೊಂಡರು. ಫೆಬ್ರುವರಿಯಲ್ಲಿ ಆತ ಅದೇ ರೋಗದಿಂದ ಸತ್ತ. ಆ ಸುದ್ದಿ ಓದಿದ ದಿನ ಹುಡುಗ ಊಟ ಬಿಟ್ಟು ಕುಳಿತ. "ದೊಡ್ಡಪ್ಪಾ, ಅಲ್ಲಿ ನನ್ನ ಗೆಳೆಯಾರಿಗೆ ಫೋನ ಹಚ್ಚಿ ಇದನ್ನ ಕೇಳಿದ್ರ ಹವಾಮಾನದ ಮಾತ ತಗೀತಾರ್ರಿ" ಎಂದ. ಆಗ ನಾನು ಗೆದ್ದೆನೆಂದು ಬೀಗಲಿಲ್ಲ. ಒಳ್ಳೆಯದೇ ಆಯಿತು. ಮರುವರ್ಷ 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತರು. ನಮಗೆ ಮಾತನಾಡುವ ಸ್ವಾತಂತ್ರ್ಯವಿತ್ತು, ಉಸಿರಾಡುವ ಅನಿಲವಿರಲಿಲ್ಲ. ಎರಡೂ ಬೇಕೆಂದು ಕೇಳುವುದು ದುರಾಸೆಯೇನಲ್ಲ.

ನಮ್ಮ ಸೀಮೆಯಲ್ಲೇ ಕೇಳಿ ಪಡೆದ ಒಂದು ಉದಾಹರಣೆ ಇದೆ. ಮಲಪ್ರಭೆಯ ಕಾಲುವೆ ಬಂದ ಮೇಲೆ, ಹೊಲಕ್ಕೆ ನೀರು ಮುಟ್ಟಿದವರಿಗೂ ಮುಟ್ಟದವರಿಗೂ ಬೆಟರ್‌ಮೆಂಟ್ ಲೆವಿ ಹಾಕಿದರು. 1980ರ ಜುಲೈ 21ಕ್ಕೆ ನರಗುಂದದಲ್ಲಿ ರೈತರು ಎದ್ದರು, ಗೋಲೀಬಾರಾಯಿತು, ರೈತರೂ ಸತ್ತರು, ಪೋಲೀಸರೂ ಸತ್ತರು. ಆ ದಿನವನ್ನು ನಾನು ಹಬ್ಬವೆಂದು ಎಣಿಸುವುದಿಲ್ಲ. ಆದರೆ ಅಲ್ಲಿಂದ ಎದ್ದ ಗಾಳಿ ರಾಜ್ಯವನ್ನೆಲ್ಲ ಸುತ್ತಿತು, ರೈತಸಂಘ ಬೆಳೆಯಿತು, 1983ರಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರ ಬಂತು. ಆ ಸರಕಾರದಲ್ಲಿ ಪಂಚಾಯತಿ ಖಾತೆಯ ಮಂತ್ರಿಯಾದವರು ಅಬ್ದುಲ್ ನಜೀರ್ ಸಾಬರು. ಹಳ್ಳಿಹಳ್ಳಿಗೆ ಬೋರವೆಲ್ಲು ಹಾಕಿಸಿ ಜನರ ಬಾಯಲ್ಲಿ 'ನೀರ್ ಸಾಬ'ರಾದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆಯಾಗಿ ನಾಲ್ಕನೆಯ ಒಂದು ಪಾಲು ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಕುಳಿತರು. ನಮ್ಮೂರಿನ ಹೆಂಗಸರು ಸೇದುವ ಹಗ್ಗ ಬಿಟ್ಟು ಕೈಪಂಪಿನ ಹಿಡಿಕೆ ಹಿಡಿದದ್ದು ಆ ಕಾಲದಲ್ಲೇ. ನರಗುಂದದ ಗುಂಡಿಗೂ ನಮ್ಮೂರ ಪಂಪಿಗೂ ನೇರ ಸಂಬಂಧವಿಲ್ಲದಿರಬಹುದು. ಆದರೆ ಜನರಿಗೆ ಅಂಜುವ ಸರಕಾರ ಮಾತ್ರ ಪಂಪು ಹಾಕುತ್ತದೆಂಬುದನ್ನು ನಾನು ಕಣ್ಣಾರೆ ಕಂಡೆ. ಆ ಪಂಪು ಹಾಕಲು ನಮಗೆ ಚೀನಾದಂಥ ಆಡಳಿತ ಬೇಕಾಗಲಿಲ್ಲ. ಕೊಂಕಣ ರೈಲಿಗೂ ಬೇಕಾಗಲಿಲ್ಲ; 1990ರಲ್ಲಿ ನಿಗಮ ಹುಟ್ಟಿ, ಸಹ್ಯಾದ್ರಿ ಕೊರೆದು, 1998ರಲ್ಲಿ ಪೂರ್ತಿ ಮಾರ್ಗದಲ್ಲಿ ಗಾಡಿ ಓಡಿತು.

ಆದ್ದರಿಂದ ಚೀನಾದಿಂದ ಕಲಿಯಬೇಕಾದದ್ದು ಬಾಯಿ ಮುಚ್ಚಿಸುವುದನ್ನಲ್ಲ. ಹಾಗೆ ನೋಡಿದರೆ ಅವರ ಓಟದ ಗುಟ್ಟು ರೈಲಿಗಿಂತ ಹಿಂದಿನದು. 1980ರ ಸುಮಾರಿಗೆ ಆದಾಯ ಸಮನಾಗಿದ್ದಾಗಲೂ ಅಲ್ಲಿಯ ವಯಸ್ಕರಲ್ಲಿ ಮೂವರಲ್ಲಿ ಇಬ್ಬರಿಗೆ ಓದು ಬರಹ ಬರುತ್ತಿತ್ತು. ನಮ್ಮಲ್ಲಿ ಅರ್ಧದಷ್ಟು ಮಂದಿಗೂ ಬರುತ್ತಿರಲಿಲ್ಲ. ಒಬ್ಬನೇ ಮಾಸ್ತರ ನಾಲ್ಕು ಇಯತ್ತೆಗಳನ್ನು ಒಂದೇ ಖೋಲಿಯಲ್ಲಿ ಕೂಡಿಸಿಕೊಂಡು ಕಲಿಸುತ್ತಿದ್ದ ದಿನಗಳನ್ನು ಕಂಡ ನನಗೆ ಆ ಲೆಕ್ಕ ರೈಲಿನ ಲೆಕ್ಕಕ್ಕಿಂತ ಹೆಚ್ಚು ಚುಚ್ಚುತ್ತದೆ. ಕಟ್ಟೆಯ ಮೇಲೆ ಚೀನಾವನ್ನು ಹೊಗಳುವವರು ಯಾರೂ ಇದನ್ನು ಹೊಗಳುವುದಿಲ್ಲ.

ಕೇಳುವ ಹಕ್ಕು ಕೂಡ ಬಳಸದಿದ್ದರೆ ತುಕ್ಕು ಹಿಡಿಯುತ್ತದೆ. ಕರ್ನಾಟಕದ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆಯಾಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಅವನ್ನು ನಡೆಸಿದರು. ನಜೀರ್ ಸಾಬರ ನಾಡಿನಲ್ಲಿ ಇದಾಯಿತು. ನಾವು ಚೀನಾದ ವೇಗವನ್ನು ಪಡೆಯಲಿಲ್ಲ, ಅಲ್ಲಿಯ ಮೌನವನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ತಂದುಕೊಳ್ಳುತ್ತಿದ್ದೇವೆಯೋ ಎಂಬ ಅಂಜಿಕೆ ನನ್ನದು.

ನಮ್ಮಲ್ಲಿ ಕಾಮಗಾರಿ ನಡೆದಲ್ಲೆಲ್ಲ ಒಂದು ಫಲಕ ಹಾಕುತ್ತಾರೆ. ಯೋಜನೆಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಶುರುವಾದ ದಿನಾಂಕ ಎಲ್ಲ ಇರುತ್ತದೆ. 'ಮುಗಿದ ದಿನಾಂಕ' ಎಂಬುದರ ಎದುರು ಮಾತ್ರ ಸಾಮಾನ್ಯವಾಗಿ ಬರಿದು. ಚೀನಾದಲ್ಲಿ ಆ ಜಾಗ ತುಂಬಿರುತ್ತದೆ. ಅದನ್ನು ಯಾಕೆ ತುಂಬಲಿಲ್ಲವೆಂದು ಕೇಳುವ ಪ್ರಸಂಗ ಅಲ್ಲಿಯ ಹಳ್ಳಿಗನಿಗೆ ಬರುವುದಿಲ್ಲ, ಬಂದರೆ ಕೇಳುವ ಜಾಗವೂ ಇಲ್ಲ. ನಮಗೆ ಜಾಗ ಇದೆ, ಗ್ರಾಮಸಭೆ ಎಂದು ಅದರ ಹೆಸರು. ಕಳೆದ ಸಲದ ಸಭೆಗೆ ಹೋದವರನ್ನು ಎಣಿಸಿದೆ: ಹತ್ತೊಂಬತ್ತು ಮಂದಿ. ಅದೇ ಹೊತ್ತಿನಲ್ಲಿ ಕಟ್ಟೆಯ ಮೇಲೆ ಚೀನಾವನ್ನು ಹೊಗಳುತ್ತ ಕುಳಿತವರು ಅದಕ್ಕಿಂತ ಹೆಚ್ಚಿಗಿದ್ದರು.